ಟೇಬಲ್ ಅಳತೆ ಬಿಡಿ, ಮೊಣಕೈ ಅಳತೆ ಹಿಡಿಯಿರಿ

[ದೃಶ್ಯ: ಊಟದ ಟೇಬಲ್, ಮೇಲೆ ಲ್ಯಾಪ್‌ಟಾಪ್. ಪಕ್ಕದಿಂದ ತೆಗೆದ ಶಾಟ್.]

ನಮಸ್ಕಾರ. ಈ ಶಾಟನ್ನು ಸ್ವಲ್ಪ ಹೊತ್ತು ನೋಡಿ. ಕತ್ತು ಮುಂದಕ್ಕೆ ಚಾಚಿದೆ, ಭುಜ ಕಿವಿಯ ಹತ್ತಿರ ಏರಿದೆ, ಕಾಲು ಕುರ್ಚಿಯ ಕೆಳಗೆ ಮಡಚಿಕೊಂಡಿದೆ. 2020ರಲ್ಲಿ ಮನೆಯಿಂದ ಕೆಲಸ ಶುರುವಾದಾಗ ತಿಂಗಳುಗಟ್ಟಲೆ ನಾನು ಕೂತಿದ್ದು ಹೀಗೇ. ಒಂದು ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಯಿತು. ಕೈ ಒದರಿದೆ, ಹೋಯಿತು. ಮರುದಿನವೂ ಹಾಗೇ ಆಯಿತು. ಒದರಿದರೆ ಹೋಗುತ್ತದಲ್ಲ ಅಂತ ಸುಮ್ನೆ ಬಿಟ್ಟೆ. ಬಿಡಬಾರದಿತ್ತು. ಡಾಕ್ಟರ್ ಹತ್ತಿರ ಹೋಗುವ ಹೊತ್ತಿಗೆ ಡಬ್ಬಿಯ ಮುಚ್ಚಳ ತಿರುಗಿಸುವುದಕ್ಕೂ ಹೆಬ್ಬೆರಳಿಗೆ ಬಲ ಇರಲಿಲ್ಲ.

[ದೃಶ್ಯ: ಮಣಿಕಟ್ಟಿನ ಒಳಭಾಗದ ಚಿತ್ರ]

ಮಣಿಕಟ್ಟಿನ ಒಳಗೆ ಒಂದು ಇಕ್ಕಟ್ಟಾದ ದಾರಿ ಇದೆ. ಒಂದು ಕಡೆ ಮೂಳೆ, ಇನ್ನೊಂದು ಕಡೆ ಗಟ್ಟಿ ಪಟ್ಟಿ. ಬೆರಳು ಮಡಚುವ 9 ಹುರಿಗಳು, ಜೊತೆಗೆ ಒಂದು ನರ, ಎಲ್ಲವೂ ಅದರೊಳಗೇ ಹಾದುಹೋಗಬೇಕು. ಕೈಯನ್ನು ಮೇಲಕ್ಕೆ ಬಾಗಿಸಿಟ್ಟುಕೊಂಡು ಗಂಟೆಗಟ್ಟಲೆ ಕೆಲಸ ಮಾಡಿದರೆ ಅಲ್ಲಿ ಒತ್ತಡ ಏರುತ್ತದೆ, ಅವೆಲ್ಲದರಲ್ಲಿ ಮೆತ್ತಗಿರುವುದು ಆ ನರ, ಪೆಟ್ಟು ಬೀಳುವುದೂ ಅದಕ್ಕೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದು ಅದರಿಂದ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು ಇನ್ನೂ ಹುಷಾರಾಗಿರಬೇಕು.

ಇದೆಲ್ಲ ಕಂಪ್ಯೂಟರ್ ಬಂದ ಮೇಲೆ ಶುರುವಾಗಿದ್ದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ 1713ರಲ್ಲೇ ಗುಮಾಸ್ತರ ನೋವಿಗೆ ಮೂರು ಕಾರಣ ಬರೆದಿದ್ದಾರೆ: ಕೂತೇ ಇರುವುದು, ಕೈಯನ್ನು ಒಂದೇ ರೀತಿ ಆಡಿಸುತ್ತಲೇ ಇರುವುದು, ಮನಸ್ಸಿಗೆ ಬಿಡುವಿಲ್ಲದಿರುವುದು. ಬರೆದೂ ಬರೆದೂ ಬಲಗೈ ಸ್ವಾಧೀನ ತಪ್ಪಿದ ಒಬ್ಬ ಗುಮಾಸ್ತ ಎಡಗೈಯಲ್ಲಿ ಬರೆಯಲು ಕಲಿತನಂತೆ, ಆಮೇಲೆ ಎಡಗೈಗೂ ಅದೇ ಗತಿ ಆಯಿತಂತೆ. ಅದನ್ನು ಓದಿದ ದಿನ ನಾನು ಮೌಸನ್ನು ಎಡಗೈಗೆ ಬದಲಾಯಿಸಿದ್ದೆ.

[ದೃಶ್ಯ: ಲ್ಯಾಪ್‌ಟಾಪ್ ಒಂದೇ, ಹತ್ತಿರದಿಂದ]

ಈಗ ಮುಖ್ಯ ವಿಷಯ. ಲ್ಯಾಪ್‌ಟಾಪಿನಲ್ಲಿ ಪರದೆ ಮತ್ತು ಕೀಬೋರ್ಡ್ ಅಂಟಿಕೊಂಡಿವೆ, ಅಲ್ವಾ? ಪರದೆ ಕಣ್ಣಿನ ಎತ್ತರಕ್ಕೆ ಬಂದರೆ ಕೈ ಎದೆಯ ತನಕ ಏರುತ್ತದೆ. ಕೈಗೆ ಸರಿಯಾಗುವಂತೆ ಇಳಿಸಿದರೆ ಕತ್ತು ಬಗ್ಗುತ್ತದೆ. ಎರಡನ್ನೂ ಸರಿ ಮಾಡುವುದಕ್ಕೆ ಆಗುವುದೇ ಇಲ್ಲ. ಎಷ್ಟು ದುಬಾರಿ ಕುರ್ಚಿ ತಂದರೂ ಅಷ್ಟೇ. ನ್ಯೂಯಾರ್ಕಿನ ಬೆನ್ನುಮೂಳೆ ಸರ್ಜನ್ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿ ಇಟ್ಟು ಲೆಕ್ಕ ಹಾಕಿದರು. ನೆಟ್ಟಗೆ ಕೂತಾಗ ತಲೆಯ ಭಾರ ಸುಮಾರು 5 ಕೆಜಿ, 30 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ ಬೀಳುವುದು ಸುಮಾರು 18 ಕೆಜಿಯಷ್ಟು. ನಮ್ಮ ಮನೆಗಳಿಗೆ ಬರುವ 20 ಲೀಟರಿನ ನೀರಿನ ಕ್ಯಾನ್ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅಷ್ಟು.

ಹಾಗಾಗಿ ದುಡ್ಡು ಖರ್ಚು ಮಾಡುವುದಾದರೆ ಮೊದಲು ಒಂದು ಬೇರೆ ಕೀಬೋರ್ಡ್, ಒಂದು ಮೌಸ್ ತನ್ನಿ. ಸಾಧಾರಣದ್ದೇ ಸಾಕು. ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲೆ ಏರಿಸಿ, ಪರದೆಯ ಮೇಲಂಚು ಕಣ್ಣಿನ ನೇರಕ್ಕೆ ಅಥವಾ ಸ್ವಲ್ಪ ಕೆಳಗೆ ಬರಲಿ, ಒಂದು ತೋಳಿನಷ್ಟು ದೂರದಲ್ಲಿ. ನಮ್ಮ ಅಜ್ಜ ಪಾರಾಯಣಕ್ಕೆ ಕೂತಾಗ ಪುಸ್ತಕವನ್ನು ನೆಲದ ಮೇಲೆ ಇಡುತ್ತಿರಲಿಲ್ಲ, ವ್ಯಾಸಪೀಠದ ಮೇಲೆ ಏರಿಸಿ, ಬೆನ್ನು ನೆಟ್ಟಗಿಟ್ಟು ಓದುತ್ತಿದ್ದರು. ಲ್ಯಾಪ್‌ಟಾಪ್ ಸ್ಟ್ಯಾಂಡ್ ಅನ್ನುವುದು ಅದೇ ಕೆಲಸ ಮಾಡುತ್ತದೆ.

[ದೃಶ್ಯ: ಟೇಪ್ ಹಿಡಿದು ನೆಲದಿಂದ ಮೊಣಕೈವರೆಗೆ ಅಳತೆ]

ಈಗ ಕುರ್ಚಿ. ಭುಜ ಸಡಿಲ ಬಿಟ್ಟು ಕೂತು, ಮೊಣಕೈಯನ್ನು ಮೈಗೆ ಹತ್ತಿರ ಇಟ್ಟು, ಮುಂಗೈಯನ್ನು ನೆಲಕ್ಕೆ ಸಮವಾಗಿ ಹಿಡಿಯಿರಿ. ಮನೆಯಲ್ಲಿ ಯಾರಿಗಾದರೂ ಹೇಳಿ ನೆಲದಿಂದ ಮೊಣಕೈಗೆ ಎಷ್ಟು ಅಂತ ಅಳೆಸಿ. ನನಗೆ 26 ಇಂಚು ಬಂತು. ನಮ್ಮ ಟೇಬಲ್ 30 ಇಂಚು. ಆ 4 ಇಂಚಿಗಾಗಿ ದಿನವಿಡೀ ಭುಜ ಎತ್ತಿ ಹಿಡಿದಿದ್ದೆ, ಸಂಜೆಯ ಕತ್ತು ನೋವೆಲ್ಲ ಅದರದ್ದೇ.

ಟೇಬಲ್ ಕೊಯ್ಯುವುದಕ್ಕೆ ಆಗುವುದಿಲ್ಲ, ಕೂರುವ ಜಾಗವನ್ನು ಏರಿಸಬಹುದು. ಮೆತ್ತನೆ ದಿಂಬು ಕುಸಿಯುತ್ತದೆ, ಜಮಖಾನ ಮಡಚಿ ಹಾಕಿ. ಆಗ ಕಾಲು ನೆಲಕ್ಕೆ ಎಟುಕುವುದಿಲ್ಲ, ತೊಡೆಯ ಕೆಳಗೆ ಒತ್ತುತ್ತದೆ. ಅಟ್ಟದ ಮೇಲೆ ಹಳೇ ಮಣೆ ಇದ್ದರೆ ಇಳಿಸಿ ಕಾಲ ಕೆಳಗೆ ಇಡಿ, ಎತ್ತರ ಸಾಲದಿದ್ದರೆ ಪೇಪರ್ ಕಟ್ಟು ಸೇರಿಸಿ. ಸೊಂಟದ ಹಿಂದೆ ಟವೆಲ್ ಸುತ್ತಿಟ್ಟರೆ ಸಾಕು.

[ದೃಶ್ಯ: ಕೀಬೋರ್ಡ್ ಮೇಲೆ ಬೆರಳುಗಳು]

ಕೀಬೋರ್ಡಿನ ಹಿಂದೆ ಎರಡು ಪುಟ್ಟ ಕಾಲು ಇರುತ್ತವಲ್ಲ, ಅವನ್ನು ಮಡಚಿಬಿಡಿ. ನಿಲ್ಲಿಸಿದರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ. ಮೌಸ್ ಕೀಬೋರ್ಡಿಗೆ ತಾಗಿಕೊಂಡಂತೆ ಇರಲಿ.

ಡಿಟಿಪಿ ಮಾಡುವವರಿಗೆ, ನುಡಿ ತಂತ್ರಾಂಶದಲ್ಲಿ ದಿನವಿಡೀ ಕನ್ನಡ ಟೈಪ್ ಮಾಡುವವರಿಗೆ ಒಂದು ಮಾತು. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ಪ್ರತಿ ಒತ್ತಕ್ಷರಕ್ಕೂ ಎಫ್ ಕೀ ಒತ್ತಬೇಕು. ಅಕ್ಕ, ಅಮ್ಮ, ಕನ್ನಡ, ಎಲ್ಲದಕ್ಕೂ ಎಡ ತೋರುಬೆರಳೇ. ಮೆಲ್ಲಗೆ ಒತ್ತಿ, ಕುಟ್ಟಬೇಡಿ. ಮಹಾಪ್ರಾಣಕ್ಕೆ ಶಿಫ್ಟ್ ಹಿಡಿಯುವಾಗ ಒಂದೇ ಕೈಯಲ್ಲಿ ಕಿರುಬೆರಳು ಚಾಚಿ ತಿರುಚಬೇಡಿ. ಅಕ್ಷರ ಬಲಗೈಯದ್ದಾದರೆ ಎಡಗಡೆಯ ಶಿಫ್ಟ್, ಎಡಗೈಯದ್ದಾದರೆ ಬಲಗಡೆಯದ್ದು. ಒಂದು ವಾರ ನಿಧಾನ ಆಗುತ್ತದೆ, ಆಮೇಲೆ ಕೈಗೆ ರೂಢಿಯಾಗುತ್ತದೆ.

ಕಿಟಕಿ ನಿಮ್ಮ ಪಕ್ಕಕ್ಕೆ ಬರುವಂತೆ ಕೂರಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡಿ. ಓದುವ ಪವರ್ ಕೆಳಗಿರುವ ಕನ್ನಡಕ ಹಾಕುವವರು ಪರದೆಯನ್ನು ಇನ್ನೂ ಸ್ವಲ್ಪ ಇಳಿಸಿಕೊಳ್ಳಿ, ಇಲ್ಲದಿದ್ದರೆ ಗಲ್ಲ ಎತ್ತಿ ನೋಡಬೇಕಾಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದೇಳಿ. ಎಷ್ಟೇ ಸರಿಯಾಗಿ ಕೂತರೂ ಅಲ್ಲಾಡದೆ ಕೂತರೆ ನೋವು ಬಂದೇ ಬರುತ್ತದೆ.

ಜೋಮು ರಾತ್ರಿ ಎಬ್ಬಿಸುತ್ತಿದ್ದರೆ, ಕೈಯಿಂದ ವಸ್ತು ಜಾರುತ್ತಿದ್ದರೆ, ಈ ವಿಡಿಯೋ ಸಾಲದು, ಈ ವಾರವೇ ಡಾಕ್ಟರಿಗೆ ತೋರಿಸಿ.

[ದೃಶ್ಯ: ಮೊದಲಿನ ಶಾಟ್, ಪಕ್ಕದಲ್ಲಿ ಈಗಿನ ಶಾಟ್]

ನಾಳೆ ಕೆಲಸಕ್ಕೆ ಕೂತು ಒಂದು ಗಂಟೆ ಆದ ಮೇಲೆ, ನಿಮಗೆ ಹೇಳದೆ ಪಕ್ಕದಿಂದ ಒಂದು ಫೋಟೋ ತೆಗೆಯಲು ಮನೆಯವರಿಗೆ ಹೇಳಿ. ಕಿವಿ ಭುಜದ ನೇರಕ್ಕೆ ಇದೆಯಾ, ಅಷ್ಟು ನೋಡಿ. ಇಲ್ಲದಿದ್ದರೆ ಪರದೆಯ ಕೆಳಗೆ ಇನ್ನೊಂದು ಪುಸ್ತಕ ಸೇರಿಸಿ.