ತರ್ದವಾಡಿಯಲ್ಲಿ ಎದ್ದ ದಂಗೆ

ಎಲ್ಲರಿಗೂ ನಮಸ್ಕಾರ. ನೃಪತುಂಗ, ಎಲ್ಲೋರದ ಕೈಲಾಸ, ಅರಬ್ ಪ್ರವಾಸಿಗಳ ಹೊಗಳಿಕೆ, ಎಲ್ಲ ಬೆಳಗಿನ ಗೋಷ್ಠಿಯಲ್ಲಿ ಬಂದುಹೋಗಿವೆ. ನಾನು ರಾಷ್ಟ್ರಕೂಟರ ಕೊನೆಯ ಕತೆಯನ್ನು ಕೇಳಿ ತಗೊಂಡೆ. ಪಾಠಪುಸ್ತಕದಲ್ಲಿ ಅದಕ್ಕೆ ಸಿಗುವುದು ಒಂದೇ ಸಾಲು: 973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರ ದೊರೆ ಎರಡನೇ ಕರ್ಕನನ್ನು ಸೋಲಿಸಿದ. ಇನ್ನೂರು ವರ್ಷ ಆಳಿದ ಮನೆತನ ಹೀಗೆ ಸುಮ್ನೆ ಬೀಳುತ್ತದೆಯೇ?

ಹೊರಗಿನ ಶತ್ರು ಬಂದ, ಕೆಡವಿದ ಎನ್ನುವವರಿದ್ದಾರೆ. ಮಾಳವದ ಪರಮಾರ ದೊರೆ ಸೀಯಕ 972ರಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟಕ್ಕೆ ನುಗ್ಗಿ ಕೊಳ್ಳೆ ಹೊಡೆದದ್ದು ನಿಜ. ಅಲ್ಲೇ ಇದ್ದ ಕವಿ ಪುಷ್ಪದಂತ, ಧಾರಾನಗರದ ದೊರೆಯ ಕೋಪಕ್ಕೆ ಊರು ಸುಟ್ಟಿತು, ನಾನಿನ್ನು ಎಲ್ಲಿರಲಿ ಎಂದು ಗೋಳಾಡಿದ. ಆದರೆ ಈ ಸೀಯಕ ಯಾರು? 949ರ ತನ್ನದೇ ತಾಮ್ರಪಟದಲ್ಲಿ ರಾಷ್ಟ್ರಕೂಟರನ್ನು ಒಡೆಯರೆಂದು ಒಪ್ಪಿಕೊಂಡವನು. ಹೊರಗಿನವನಲ್ಲ, ಕೈಕೆಳಗಿನವನು.

ಇನ್ನು ತೈಲಪ. ಭೀಮಾ ತೀರದ ತರ್ದವಾಡಿ ಸಾವಿರ ಎಂಬ ನಾಡು, ಈಗಿನ ವಿಜಯಪುರದ ಕಡೆ, ಅವನ ಕೈಯಲ್ಲಿತ್ತು. ಗೆದ್ದದ್ದಲ್ಲ. ಸೇವೆಗಾಗಿ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನೇ ಕೊಟ್ಟದ್ದು. 965ರ ಶಾಸನದಲ್ಲಿ ಅದನ್ನು ಅನುಗಜೀವಿತ, ಅಂದರೆ ಸೇವೆಗೆ ಬಿಟ್ಟುಕೊಟ್ಟ ನಾಡು, ಎಂದಿದ್ದಾರೆ. ತೈಲಪನ ಹೆಂಡತಿ ಜಾಕವ್ವೆಯೂ ರಾಷ್ಟ್ರಕೂಟರ ಮನೆಯ ಮಗಳೇ. ನೆಲ ಕೊಟ್ಟರು, ಹೆಣ್ಣು ಕೊಟ್ಟರು, ಸೈನ್ಯ ಕಟ್ಟಿಕೊಳ್ಳಲು ಬಿಟ್ಟರು. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಾಮಂತ, ಗಂಗ ದೊರೆ ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರ (ಹನ್ನೆರಡು ಸಾವಿರ), ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ನಾಡುಗಳು ಸಿಕ್ಕವು. ಕೃಷ್ಣನಂಥ ಗಟ್ಟಿ ದೊರೆ ಇರುವ ತನಕ ಇದೆಲ್ಲ ನಡೆಯಿತು. 967ರಲ್ಲಿ ಅವನು ಹೋದ. ಆರೇ ವರ್ಷ, ಮುಗಿಯಿತು. ಖಜಾನೆ ಸೀಯಕನ ಪಾಲು, ಸೈನ್ಯ ನೆಲ ಪಡೆದವರ ಪಾಲು. ಕರ್ಕ ಯಾರ ಬಲದ ಮೇಲೆ ಹೋರಾಡಬೇಕಿತ್ತು?

ಇಲ್ಲಿ ನಾಲ್ಕನೇ ಇಂದ್ರನ ಮಾತು ಹೇಳದೆ ಮುಂದೆ ಹೋಗಲಾರೆ. ಕೃಷ್ಣನ ಮೊಮ್ಮಗ. ಸೋದರಮಾವ ಗಂಗ ಮಾರಸಿಂಹ ಇವನನ್ನು ಪಟ್ಟಕ್ಕೆ ತರಲು ಹೆಣಗಿದ, ಆಗಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನ ವ್ರತ, ಅಂದರೆ ಜೈನರ ಆಮರಣ ಉಪವಾಸ, ಹಿಡಿದು ಸತ್ತ. ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಹಾಗೇ ಪ್ರಾಣ ಬಿಟ್ಟ. ಚಿಕ್ಕಬೆಟ್ಟದ ಗಂಧವಾರಣ ಬಸದಿಯ ಹತ್ತಿರ ಅವನ ಶಾಸನವಿದೆ. ರಾಜ್ಯ ಕಳೆದುಕೊಂಡವನ ಸಾವಿನ ಶಾಸನ ಅಲ್ವಾ, ಅಳು ಇರುತ್ತದೆ ಅಂದುಕೊಳ್ಳುತ್ತೀರಿ. ಇರುವುದು ಚೆಂಡಾಟ! ಕುದುರೆ ಮೇಲೆ ಕೂತು ಕೋಲಿನಿಂದ ಚೆಂಡು ಹೊಡೆಯುವ ಆಟ. ಚೆಂಡು ಮೆಣಸಿನ ಕಾಳಿಗಿಂತ ಚಿಕ್ಕದಿರಲಿ, ಕೋಲು ನಾಲ್ಕು ಬೆರಳಿಗಿಂತ ಗಿಡ್ಡವಿರಲಿ, ಕುದುರೆ ಬೆಟ್ಟಕ್ಕಿಂತ ದೊಡ್ಡದಿರಲಿ, ಸುತ್ತು ಭೂಮಂಡಲಕ್ಕಿಂತ ಅಗಲವಿರಲಿ, ಎಂಟು ಹತ್ತು ಸುತ್ತು ಹೊಡೆಯದೆ ಇಂದ್ರನಿಗೆ ತೃಪ್ತಿಯಿಲ್ಲ ಎನ್ನುತ್ತದೆ ಆ ಕಲ್ಲು. ಎಡಕ್ಕೆ, ಬಲಕ್ಕೆ, ಒಳಕ್ಕೆ, ಹೊರಕ್ಕೆ ತಿರುಗುವ ವರಸೆಗಳನ್ನೂ ಬಿಟ್ಟಿಲ್ಲ. ಬರೆಸಿದವರಿಗೆ ಈ ಹುಡುಗನ ಮೇಲೆ ಎಷ್ಟು ಪ್ರೀತಿಯಿತ್ತು ನೋಡಿ! ಕುದುರೆ ಏರಲು ಬಲ್ಲ ವಾರಸುದಾರನಿದ್ದ, ಬೆನ್ನಿಗೆ ಗಂಗರಿದ್ದರು. ಹಾಗಾಗಿ ಮನೆತನದಲ್ಲಿ ಗಂಡಸರೇ ಉಳಿದಿರಲಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲದೇ ಹೋದದ್ದು ನೆಲ. ಅದನ್ನು ಮೊದಲೇ ಹಂಚಿಯಾಗಿತ್ತು.

ಚೀಟಿ ಬಂತು, ಬೇಗ ಮುಗಿಸುತ್ತೇನೆ. ರನ್ನ ಮತ್ತು ಅತ್ತಿಮಬ್ಬೆಯ ಬಗ್ಗೆ ಬರೆದುಕೊಂಡು ಬಂದಿದ್ದೆ, ಅದನ್ನು ಬಿಡುತ್ತೇನೆ. ತೈಲಪ ರನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟ ಎಂಬಷ್ಟು ಸಾಕು. ಇದೊಂದನ್ನು ಮಾತ್ರ ಬಿಡಲಾರೆ. ಗೆದ್ದ ಚಾಲುಕ್ಯರು ಹಳೆಯ ಪದ್ಧತಿಯನ್ನೇ ಮುಂದುವರಿಸಿದರು. ದಂಡನಾಯಕರಿಗೆ, ಸಾಮಂತರಿಗೆ ನಾಡು ಬಿಟ್ಟುಕೊಟ್ಟರು. 12ನೇ ಶತಮಾನದ ನಡುವಿಗೆ ಅವರ ಕೈಕೆಳಗೆ ತರ್ದವಾಡಿ ಆಳುತ್ತಿದ್ದ ಕಳಚುರಿ ಮನೆತನದ ಮಹಾಮಂಡಳೇಶ್ವರನೊಬ್ಬ, ಅಂದರೆ ದೊಡ್ಡ ಸಾಮಂತ, 1162ರ ಹೊತ್ತಿಗೆ ಚಾಲುಕ್ಯರ ರಾಜಧಾನಿ ಕಲ್ಯಾಣದ ಗದ್ದುಗೆಯನ್ನೇ ಹಿಡಿದ. ಅವನ ಹೆಸರು ಬಿಜ್ಜಳ. ತೈಲಪನ ವಂಶಕ್ಕೂ ಏಟು ಬಿದ್ದದ್ದು ತೈಲಪ ಎದ್ದ ನಾಡಿನಿಂದಲೇ.