ಸ್ಟಾರ್ಟರ್ ಬಾಕ್ಸಿನೊಳಗೊಂದು ನರಕೋಶ

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವುದು ಹಳೇ ಪಂಪ್‌ಸೆಟ್ ಸ್ಟಾರ್ಟರ್. ನಮ್ಮ ತೋಟದಿಂದಲೇ ತಂದೆ, ಒರೆಸಿದರೂ ಧೂಳು ಪೂರ್ತಿ ಹೋಗಿಲ್ಲ. ಸ್ಪೈಕಿಂಗ್ ನ್ಯೂರಲ್ ನೆಟ್‌ವರ್ಕ್, ಅಂದರೆ ಮಿದುಳಿನ ನರಕೋಶಗಳ ಹಾಗೆ ಚಿಕ್ಕ ಚಿಕ್ಕ ಸಿಡಿತಗಳಲ್ಲಿ ಲೆಕ್ಕ ಮಾಡುವ ಕಂಪ್ಯೂಟರ್ ಜಾಲದ ಬಗ್ಗೆ ಮಾತಾಡು ಅಂದರೆ ಇವನ್ಯಾಕೆ ಇದನ್ನು ಹೊತ್ತು ತಂದ ಅನ್ನಿಸಿರಬಹುದು. ಕಾರಣ ಇದೆ.

ಇದರೊಳಗಿನ ಓವರ್‌ಲೋಡ್ ರಿಲೇ ನೋಡಿ. ಎರಡು ಬೇರೆ ಲೋಹ ಬೆಸೆದ ಪಟ್ಟಿಗಳಿವೆ. ಮೋಟರಿಗೆ ಹೋಗುವ ಕರೆಂಟ್ ಇವನ್ನು ಬಿಸಿ ಮಾಡುತ್ತದೆ. ಬಿಸಿಯಾದಷ್ಟೂ ಪಟ್ಟಿ ಬಾಗುತ್ತದೆ. ಒಂದು ಮಿತಿ ದಾಟಿದರೆ ಟಕ್ ಅಂತ ಟ್ರಿಪ್. ಮೋಟರ್ ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಆದರೂ ಟ್ರಿಪ್ ಆಗುವುದಿಲ್ಲ. ಪಟ್ಟಿ ಬಿಸಿಯಾಗುವಷ್ಟರಲ್ಲಿ ಆ ಗದ್ದಲ ಮುಗಿದಿರುತ್ತದೆ. ಅದೇ ಒಂದೂವರೆ ಪಟ್ಟು ಕರೆಂಟ್ ಕೆಲವು ನಿಮಿಷ ಹರಿಯಲಿ, ಟ್ರಿಪ್ ಆಗದೆ ಬಿಡುವುದಿಲ್ಲ. ನಡುವೆ ಕರೆಂಟ್ ಇಳಿದರೆ ಪಟ್ಟಿ ತಣ್ಣಗಾಗುತ್ತದೆ, ಹಳೇದನ್ನು ಮರೆಯುತ್ತದೆ.

ತುಂಬಿಕೊಳ್ಳುವುದು, ಸೋರುವುದು, ಮಿತಿ ಮುಟ್ಟಿದರೆ ಒಂದು ಸಲ ಸಿಡಿಯುವುದು. ಸ್ಪೈಕಿಂಗ್ ನೆಟ್‌ವರ್ಕಿನ ಒಂದು ನರಕೋಶ ಮಾಡುವುದೂ ಇಷ್ಟೇ. ತೂತು ಬಿದ್ದ ಕೊಡ ಅಂದುಕೊಳ್ಳಿ. ಹನಿ ಹನಿ ಬಂದರೆ ಸೋರಿ ಹೋಗುತ್ತದೆ. ಬಿಡದೆ ಸುರಿದರೆ ತುಂಬಿ ಚೆಲ್ಲುತ್ತದೆ. ಆ ಚೆಲ್ಲುವ ಗಳಿಗೆಯೇ ಸ್ಪೈಕ್. 1907ರಲ್ಲಿ ಫ್ರಾನ್ಸಿನ ಲೂಯಿ ಲಾಪಿಕ್ ಕಪ್ಪೆಯ ನರದ ಮೇಲೆ ಪ್ರಯೋಗ ಮಾಡಿ, ನರದ ಪೊರೆಯನ್ನು ಸೋರುವ ಕೆಪಾಸಿಟರಿಗೆ, ಅಂದರೆ ವಿದ್ಯುತ್ ಕೂಡಿಡುವ ಬಿಡಿಭಾಗಕ್ಕೆ ಹೋಲಿಸಿದರು. ಈ ಕೊಡದ ಲೆಕ್ಕ ಶುರುವಾಗಿದ್ದು ಅಲ್ಲಿಂದ.

ಮಾಮೂಲಿ ನ್ಯೂರಲ್ ನೆಟ್‌ವರ್ಕ್ ಹಾಗಲ್ಲ. ಏನೂ ಬದಲಾಗದಿದ್ದರೂ ಪ್ರತಿ ಸಲ ಎಲ್ಲ ಅಂಕಿಗಳನ್ನೂ ಗುಣಿಸಿ ಕೂಡುತ್ತದೆ. ಟ್ಯಾಂಕ್ ತುಂಬಿತಾ, ತುಂಬಿತಾ ಅಂತ ನಿಮಿಷಕ್ಕೊಮ್ಮೆ ಮಹಡಿ ಹತ್ತಿ ನೋಡಿದ ಹಾಗೆ. ಸ್ಪೈಕಿಂಗ್ ನೆಟ್‌ವರ್ಕಿನಲ್ಲಿ ನೀರು ಚೆಲ್ಲಿದ ಸದ್ದು ಕೇಳಿದಾಗ ಮಾತ್ರ ಏಳುತ್ತೀರಿ. ಸ್ಪೈಕ್ ಬಂದಾಗ ಒಂದು ಕೂಡುವ ಲೆಕ್ಕ, ಬರದಿದ್ದರೆ ಹೆಚ್ಚೂಕಡಿಮೆ ಸುಮ್ಮನೆ. ಹೀಗೆ ಕೆಲಸ ಮಾಡುವ ಚಿಪ್ಪುಗಳೂ ಇವೆ. ಐಬಿಎಂ 2014ರಲ್ಲಿ ತಂದ ಟ್ರೂನಾರ್ತ್ ಚಿಪ್ಪಿನಲ್ಲಿ 10 ಲಕ್ಷ ನರಕೋಶಗಳಿದ್ದವು. ಅದು ಬಳಸಿದ್ದು ಸುಮಾರು 70 ಮಿಲಿವ್ಯಾಟ್. ಇಂಟೆಲ್ 2017ರಲ್ಲಿ ಇದೇ ಬಗೆಯ ಲೋಯಿಹಿ ಚಿಪ್ ತಂದಿತು.

ಇಲ್ಲೇ ಸ್ವಲ್ಪ ತಡೆಯಿರಿ. ಈ ಅಂಕಿ ಕೇಳಿ ಕರೆಂಟ್ ಬಿಲ್ ಅರ್ಧಕ್ಕಿಳಿಯುತ್ತೆ ಅಂದುಕೊಳ್ಳುವವರಿದ್ದಾರೆ. ಇಳಿಯುವುದಿಲ್ಲ. ಪಂಪನ್ನು ಕಾವಲುಗಾರನ ಹಾಗೆ ಕಾಯುತ್ತಾ ದಿನವಿಡೀ 5 ವ್ಯಾಟ್ ತಿನ್ನುವ ಕಂಟ್ರೋಲರ್ ವರ್ಷಕ್ಕೆ ಬಳಸುವುದು 44 ಯೂನಿಟ್. 5 ಎಚ್‌ಪಿ ಪಂಪ್ ಅಷ್ಟನ್ನು ಹತ್ತು ಗಂಟೆಯಲ್ಲಿ ಮುಗಿಸುತ್ತದೆ. ಕಾವಲುಗಾರನ ಊಟ ಉಳಿಸಿದರೆ ಮನೆ ಉಳಿದಂತಲ್ಲ, ಅಲ್ವಾ? ದೊಡ್ಡ ಉಳಿತಾಯ ಲೋಡಿನಲ್ಲೇ ಇದೆ. ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಅನ್ನುವುದರಲ್ಲಿ.

ಹಾಗಾದರೆ ಸ್ಪೈಕ್ ಯಾಕೆ ಬೇಕು? ಕಾವಲುಗಾರನಿಗೆ ಲೈನ್ ಕರೆಂಟೇ ಸಿಗದ ಜಾಗ ಇರುತ್ತದೆ. ತ್ರೀ ಫೇಸ್ ಹೋಗಿ ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ. ಬ್ಯಾಟರಿ ಮೇಲೆ ತಿಂಗಳುಗಟ್ಟಲೆ ಎಚ್ಚರ ಇರಬೇಕು. ಅಲ್ಲಿ ಮಿಲಿವ್ಯಾಟಿಗೂ ಬೆಲೆ ಇದೆ.

ಒಂದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಕೆಳಗೆ 10 ಪಂಪ್ ಇವೆ ಅನ್ನಿ. ಎಲ್ಲದಕ್ಕೂ ಆಟೋಮ್ಯಾಟಿಕ್ ಸ್ಟಾರ್ಟರ್. ಕರೆಂಟ್ ಬಂದ ಕೂಡಲೇ ಹತ್ತೂ ಒಟ್ಟಿಗೆ ಏಳುತ್ತವೆ. ಹತ್ತೂ ಐದಾರು ಪಟ್ಟು ಎಳೆಯುತ್ತವೆ. ವೋಲ್ಟೇಜ್ ಕುಸಿಯುತ್ತದೆ, ಮೋಟರುಗಳು ವೇಗ ಹಿಡಿಯಲಾರದೆ ಮೊರೆಯುತ್ತವೆ. ಹೀಗೇ ಒಂದು ಬೇಸಿಗೆಯಲ್ಲಿ ನಮ್ಮ ಮೋಟರ್ ಸುಟ್ಟಿತು. ರೀವೈಂಡಿಂಗಿಗೆ ಕೊಟ್ಟು ವಾರ ಕಾದೆವು, ಅಷ್ಟರಲ್ಲಿ ಬದನೆ ಒಣಗಿತ್ತು.

ಈಗ ಪ್ರತಿ ಸ್ಟಾರ್ಟರಿಗೂ ಒಂದೊಂದು ಕೊಡ ಇಡಿ. ವೋಲ್ಟೇಜ್ ಚೆನ್ನಾಗಿದ್ದರೆ ಕೊಡ ತುಂಬುತ್ತಾ ಹೋಗಲಿ. ತುಂಬಿದ ಪಂಪ್ ಏಳಲಿ. ಅದು ಎದ್ದಾಗ ಲೈನಿನಲ್ಲಿ ವೋಲ್ಟೇಜ್ ಇಳಿಯುತ್ತದಲ್ಲ, ಆ ಇಳಿತವೇ ಉಳಿದ ಪಂಪುಗಳ ಕೊಡದ ನೀರನ್ನು ತಗ್ಗಿಸಲಿ. ನರಕೋಶಗಳೂ ಒಂದನ್ನೊಂದು ಹೀಗೇ ತಡೆಯುತ್ತವೆ. ಕೊಡಗಳ ಅಳತೆ ಬೇರೆ ಬೇರೆ ಇದ್ದರೆ ಸಾಕು, ಪಂಪುಗಳು ಸರದಿಯಲ್ಲಿ ಏಳುತ್ತವೆ. ಸಿಮ್ ಬೇಡ, ಇಂಟರ್ನೆಟ್ ಬೇಡ. ಸುದ್ದಿ ಹೊತ್ತು ತರುವುದು ಅದೇ ತಂತಿ.

ನಿಜ ಹೇಳಬೇಕೆಂದರೆ ಈ ಕೆಲಸಕ್ಕೆ ಒಂದು ಟೈಮರ್ ಕೂಡ ಸಾಕಾಗುತ್ತದೆ. ವಿಶೇಷ ಚಿಪ್ ಬೇಕು ಅಂದರೆ ನಾನೇ ನಂಬುವುದಿಲ್ಲ.

ನೆಟ್‌ವರ್ಕ್ ಬೇಕಾಗುವುದು ಡ್ರೈ ರನ್, ಅಂದರೆ ನೀರಿಲ್ಲದೆ ಪಂಪ್ ಓಡುವುದನ್ನು ಹಿಡಿಯಲು. ಬೋರಿನಲ್ಲಿ ನೀರು ಬತ್ತಿದರೆ ಮೋಟರಿನ ಮೇಲೆ ಹೊರೆ ಕಡಿಮೆಯಾಗಿ ಕರೆಂಟ್ ಇಳಿಯುತ್ತದೆ. ಆದರೆ ವೋಲ್ಟೇಜ್ ಏರಿಳಿದರೂ ಕರೆಂಟ್ ಬದಲಾಗುತ್ತದೆ. ಗಾಳಿ ಎಳೆದರೆ ತೊಯ್ದಾಡುತ್ತದೆ. ಬೇರಿಂಗ್ ಸವೆದರೆ ಇನ್ನೊಂದು ಥರ. ಒಂದೇ ಮಿತಿ ಇಟ್ಟರೆ ಸುಮ್ಸುಮ್ನೆ ಟ್ರಿಪ್ ಆಗುತ್ತಿರುತ್ತದೆ, ರೈತರು ಬೇಸತ್ತು ಆ ವೈರನ್ನೇ ಕಿತ್ತು ಹಾಕುತ್ತಾರೆ. ಹಾಗಾಗಿ ಕರೆಂಟ್ ಇಷ್ಟು ಏರಿದಾಗ ಒಂದು ಸ್ಪೈಕ್, ಇಷ್ಟು ಇಳಿದಾಗ ಇನ್ನೊಂದು. ಮೋಟರ್ ನೆಟ್ಟಗೆ ಓಡುತ್ತಿದ್ದರೆ ಮೌನ. ಬೇಗ ಸೋರುವ ಕೊಡ ಕ್ಷಣದ ತೊಯ್ದಾಟ ಗಮನಿಸುತ್ತದೆ, ನಿಧಾನವಾಗಿ ಸೋರುವುದು ಐದು ನಿಮಿಷದ ಇಳಿತ ಗಮನಿಸುತ್ತದೆ. ಎರಡೂ ಸೇರಿ ಹೇಳಿದರೆ ಮಾತ್ರ ಟ್ರಿಪ್.

ಕಷ್ಟ ಇರುವುದು ಕಲಿಸುವುದರಲ್ಲಿ. ಸ್ಪೈಕ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಡುವೆ ಇಳಿಜಾರು ಇಲ್ಲ. ಮಾಮೂಲಿ ತರಬೇತಿ ತಪ್ಪನ್ನು ಸ್ವಲ್ಪ ಸ್ವಲ್ಪವೇ ತಿದ್ದುವುದು ಆ ಇಳಿಜಾರು ಹಿಡಿದೇ, ಹಾಗಾಗಿ ಆ ಲೆಕ್ಕ ಇಲ್ಲಿ ನೇರವಾಗಿ ಹೊಂದುವುದಿಲ್ಲ. ಇಳಿಜಾರು ಇದೆ ಅಂತ ನಟಿಸಿ ಕಲಿಸುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ನಮ್ಮದು. ಪ್ರತಿ ಬೋರಿನ ಆಳ ಬೇರೆ, ಮೋಟರ್ ಬೇರೆ. ಒಣ ಬೋರ್ ಹೇಗಿರುತ್ತದೆ ಅಂತ ತೋರಿಸಲು ಯಾರ ಮೋಟರನ್ನು ಸುಡೋಣ?

ಬನ್ನಿ, ಬಾಕ್ಸ್ ಬಿಚ್ಚಿ ಪಟ್ಟಿ ಬಾಗುವುದನ್ನು ನೋಡೋಣ. ಹಿಂದಿನ ಸಾಲಿನವರೂ ಹತ್ತಿರ ಬನ್ನಿ. ಲೈನಿಗೆ ಕೊಟ್ಟಿಲ್ಲ, ಹೇರ್ ಡ್ರೈಯರಿನಿಂದಲೇ ಬಿಸಿ ಮಾಡುತ್ತೇನೆ.