ಪುಟ್ಟ ಮಗು, ದೂರದ ವಿಮಾನ

ಕೇಳುಗರಿಗೆಲ್ಲ ನಮಸ್ಕಾರ.

ಡಿಸೆಂಬರ್ ಹತ್ತಿರ ಬಂತು ಅಂದರೆ ನಮ್ಮ ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಕಾಫಿ ಕೊಯ್ಲಿನ ಗಡಿಬಿಡಿ. ಅದರ ಜೊತೆಗೇ ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ಮಕ್ಕಳು ಬರುವ ಗಡಿಬಿಡಿ. ಅಟ್ಟದ ಮೇಲಿದ್ದ ತೊಟ್ಟಿಲು ಕೆಳಗಿಳಿಯುತ್ತದೆ. ಕೋಡುಬಳೆ ಡಬ್ಬ ತುಂಬುತ್ತದೆ. ಮೊಮ್ಮಗುವನ್ನು ಇಷ್ಟು ದಿನ ಫೋನಿನಲ್ಲಿ ಮಾತ್ರ ನೋಡಿದ ಅಜ್ಜಿ ಬಂದವರನ್ನೆಲ್ಲ ಕೇಳುವ ಪ್ರಶ್ನೆ ಒಂದೇ. ಅಷ್ಟು ಹೊತ್ತು ವಿಮಾನದಲ್ಲಿ ಮಗು ಸುಮ್ನೆ ಕೂರುತ್ತಾ?

ಕೂರುವುದಿಲ್ಲ. ಒಂದೂವರೆ ವರ್ಷದ ಮಗು ಹಾಸನದಿಂದ ಚನ್ನರಾಯಪಟ್ಟಣದ ತನಕ ಸುಮ್ಮನೆ ಕೂತರೆ ಅದೇ ಹೆಚ್ಚು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನಡುವೆ ಎಲ್ಲೂ ಇಳಿಯದೆ ಬಂದರೂ 17 ಗಂಟೆಯ ಮೇಲಾಗುತ್ತದೆ. ದುಬೈಯಲ್ಲೋ ದೋಹಾದಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸಿದರೆ ಇನ್ನೂ ಜಾಸ್ತಿ. ಮಗಳ ಮನೆಯವರ ಜೊತೆ ನಾನೂ ಈ ದಾರಿಯಲ್ಲಿ ಓಡಾಡಿದ್ದೇನೆ, ಮೊಮ್ಮಗು ಮಡಿಲ ಕೂಸಾಗಿದ್ದಾಗಲೂ, ಅದಕ್ಕೆ ಕಾಲು ಬಂದ ಮೇಲೂ. ನನಗೆ ಅನ್ನಿಸಿದ್ದು ಇಷ್ಟು. ಮಗುವಿನ ಬಾಯಿ ಮುಚ್ಚಿಸುವುದು ಹೇಗೆ ಅಂತ ತಲೆ ಕೆಡಿಸಿಕೊಳ್ಳುವ ಬದಲು ಅದು ಯಾಕೆ ಅಳುತ್ತಿದೆ ಅಂತ ನೋಡಿದರೆ ಕೆಲಸ ಅರ್ಧ ಹಗುರ. ಹೆಚ್ಚಿನ ಸಲ ಅದು ಹಠ ಆಗಿರುವುದಿಲ್ಲ. ಕಿವಿ ನೋಯುತ್ತಿರುತ್ತದೆ, ಇಲ್ಲ ಬಾಯಿ ಒಣಗಿರುತ್ತದೆ, ಇಲ್ಲ ನಿದ್ದೆ ಕೆಟ್ಟಿರುತ್ತದೆ.

ಕಿವಿಯ ವಿಷಯ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಕಿವಿ ಗುಂಯ್ ಅಂತ ಕಟ್ಟಿಕೊಳ್ಳುತ್ತದೆ ಅಲ್ವಾ? ಎಂಜಲು ನುಂಗಿದರೆ ಟಪ್ ಅಂತ ಬಿಟ್ಟುಕೊಳ್ಳುತ್ತದೆ. ವಿಮಾನದಲ್ಲಿ ಆಗುವುದೂ ಅದೇ. ವಿಮಾನ ಹತ್ತು ಹನ್ನೊಂದು ಸಾವಿರ ಮೀಟರ್ ಎತ್ತರದಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟಕ್ಕೆ ಇಟ್ಟಿರುತ್ತಾರೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಇಡೀ ರಾತ್ರಿ ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತು, ಬೆಳಿಗ್ಗೆ ಅರ್ಧ ಗಂಟೆಯೊಳಗೆ ಕೆಳಕ್ಕೆ ಇಳಿದ ಲೆಕ್ಕ.

ಏರುವಾಗಿನದಕ್ಕಿಂತ ಇಳಿಯುವಾಗಲೇ ನೋವು ಜಾಸ್ತಿ. ಗಂಟಲಿನಿಂದ ಕಿವಿಯ ಒಳಭಾಗಕ್ಕೆ ಒಂದು ಸಣ್ಣ ಕೊಳವೆ ಇದೆ. ಚಿಕ್ಕ ಮಕ್ಕಳಲ್ಲಿ ಅದು ತೀರ ಕಿರಿದು, ಹೆಚ್ಚು ಕಡಿಮೆ ಅಡ್ಡಡ್ಡ ಮಲಗಿರುತ್ತದೆ, ಹಾಗಾಗಿ ಬೇಗ ತೆರೆದುಕೊಳ್ಳುವುದಿಲ್ಲ. ನುಂಗಿದಾಗ ತೆರೆಯುತ್ತದೆ. ಆದ್ದರಿಂದ ಹಾಲನ್ನು ಹಸಿವಾದಾಗಲೆಲ್ಲ ಕೊಟ್ಟು ಮುಗಿಸಬೇಡಿ, ಇಳಿಯುವ ಹೊತ್ತಿಗೆ ಸ್ವಲ್ಪ ಉಳಿಸಿಕೊಳ್ಳಿ. ಚಕ್ರ ನೆಲ ಮುಟ್ಟುವಾಗ ಕೊಟ್ಟರೆ ತಡವಾಯಿತು. ಇಳಿಯಲು ಶುರು ಮಾಡುತ್ತಿದ್ದೇವೆ ಅಂತ ಪೈಲಟ್ ಹೇಳಿದ ಕೂಡಲೇ ಶುರು ಮಾಡಬೇಕು. ಅಷ್ಟರಲ್ಲಿ ಮಗು ನಿದ್ದೆ ಹೋಗಿದ್ದರೆ ಮೆಲ್ಲಗೆ ಎಬ್ಬಿಸುವುದೇ ಒಳ್ಳೆಯದು, ನಿದ್ದೆಯಲ್ಲಿ ನುಂಗುವುದು ಕಡಿಮೆ. ಕಷ್ಟಪಟ್ಟು ಮಲಗಿಸಿದ ಮಗುವನ್ನು ಎಬ್ಬಿಸಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಎಬ್ಬಿಸಿ.

ನಾನು ಕೈಚೀಲದಲ್ಲಿ ನಮ್ಮಮ್ಮ ಕೊಟ್ಟ ಬೆಳ್ಳಿ ಒಳಲೆ ಇಟ್ಟುಕೊಂಡಿದ್ದೆ. ತಪಾಸಣೆಯ ಹುಡುಗಿ ಅದನ್ನು ಆ ಕಡೆ ಈ ಕಡೆ ತಿರುಗಿಸಿ, ಮೂತಿಯೊಳಗೆ ಕಣ್ಣಿಟ್ಟು ನೋಡಿ, ಪಕ್ಕದವಳಿಗೂ ತೋರಿಸಿ, ಕೊನೆಗೆ ಇದೇನು ಅಂದಳು. ಮಗುವಿಗೆ ಕುಡಿಸೋದು ಅಂತ ಕೈಯಲ್ಲೇ ಮಾಡಿ ತೋರಿಸಿದೆ. ನಗುತ್ತಾ ವಾಪಸ್ ಕೊಟ್ಟಳು. ಇಳಿಯುವಾಗ ಅದರಲ್ಲಿ ಗುಟುಕು ಗುಟುಕಾಗಿ ನೀರು ಹಾಕುತ್ತಾ ಹೋದೆ. ಬಾಟಲಿ ತಳ್ಳಿಬಿಡುತ್ತಿದ್ದ ಮಗು ಒಳಲೆಯ ಮೂತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಕುಡಿದಷ್ಟನ್ನೇ ನನ್ನ ಸೀರೆಗೂ ಕುಡಿಸಿತು. ಆದರೆ ನುಂಗಿತು, ನನಗೆ ಬೇಕಾಗಿದ್ದು ಅದು. ಒಳಲೆಯೇ ಆಗಬೇಕು ಅಂತೇನಿಲ್ಲ. ಬಾಟಲಿ, ಸ್ಟ್ರಾ ಲೋಟ, ಎದೆಹಾಲು, ಯಾವುದಾದರೂ ಸರಿ. ಮಗುವಿಗೆ ನೆಗಡಿ ಜೋರಾಗಿದ್ದರೆ, ಕಿವಿ ಸೋರುತ್ತಿದ್ದರೆ, ಹೊರಡುವ ಮುಂಚೆ ಡಾಕ್ಟರಿಗೆ ತೋರಿಸಲೇಬೇಕು.

ಡಾಕ್ಟರ್ ಅಂದ ಮೇಲೆ ಇನ್ನೊಂದು ಮಾತು. ಹೊರಡುವ ಮುಂಚೆ ಸ್ವಲ್ಪ ಕೆಮ್ಮಿನ ಸಿರಪ್ ಹಾಕಿಬಿಡು, ಊರು ಬರುವ ತನಕ ಮಲಗುತ್ತೆ ಅಂತ ಸಲಹೆ ಕೊಡುವ ಜಾಣರು ಎಲ್ಲ ಕಡೆ ಇದ್ದಾರೆ. ದಯವಿಟ್ಟು ಕೇಳಬೇಡಿ. ನಿದ್ದೆ ಬರಿಸುವುದಕ್ಕೆ ಅಂತ ಔಷಧಿ ಕೊಡುವುದು ಇಷ್ಟು ಚಿಕ್ಕ ಮಕ್ಕಳಿಗೆ ಅಪಾಯ. ಕೆಲವು ಮಕ್ಕಳಿಗಂತೂ ಅದು ತಿರುಗುಬಾಣ. ಮಲಗುವ ಬದಲು ರಾತ್ರಿಯೆಲ್ಲ ಕುಣಿಯುತ್ತವೆ.

ಈಗ ಸೀಟು. ಎರಡು ವರ್ಷ ತುಂಬದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗಬಹುದು. ವಿದೇಶದ ವಿಮಾನಗಳಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಹತ್ತರಲ್ಲೊಂದು ಭಾಗ, ಮೇಲೆ ತೆರಿಗೆ. ಬರುವಾಗ ಎರಡು ತುಂಬಿಲ್ಲ, ಊರಲ್ಲಿದ್ದಾಗ ತುಂಬುತ್ತದೆ ಅಂದರೆ ವಾಪಸ್ ಹೋಗಲು ಮಗುವಿಗೆ ಬೇರೆ ಸೀಟು ಬೇಕು. ಇದನ್ನು ಮರೆತು ಕೌಂಟರಿನಲ್ಲಿ ಪರದಾಡಿದವರನ್ನು ನೋಡಿದ್ದೇನೆ. ಇನ್ನು ವಿಮಾನದ ತೊಟ್ಟಿಲು. ಮುಂದಿನ ಸಾಲಿನ ಗೋಡೆಗೆ ಸಿಕ್ಕಿಸುವ ಈ ತೊಟ್ಟಿಲ ಮೇಲೆ ಎಲ್ಲರಿಗೂ ಆಸೆ. ಆದರೆ ಅದಕ್ಕೆ ತೂಕದ ಮಿತಿ ಇದೆ, ಬಹಳ ಕಡೆ 10–11 ಕೆ.ಜಿ.ಯ ಆಸುಪಾಸು. ಉದ್ದದ ಮಿತಿಯೂ ಇದೆ. ಓಡಾಡುವ ಮಗು ಅದರಲ್ಲಿ ಹಿಡಿಸುವುದು ಕಷ್ಟ. ಹಿಡಿಸಿದರೂ ವಿಮಾನ ಅಲುಗಾಡಿ ಬೆಲ್ಟ್ ದೀಪ ಹತ್ತಿದಾಗೆಲ್ಲ ಮಲಗಿದ ಮಗುವನ್ನು ಎತ್ತಿಕೊಳ್ಳಿ ಅನ್ನುತ್ತಾರೆ. ಮುಂದಿನ ಸಾಲಿನ ಸೀಟುಗಳ ಕೈಯಾಸರೆಗಳೂ ಹೆಚ್ಚಾಗಿ ಮೇಲೆ ಮಡಚುವುದಿಲ್ಲ. ಹಾಗಾಗಿ ಕೈಕೂಸು ಅಲ್ಲದಿದ್ದರೆ, ಕೈಲಾದರೆ, ಒಂದೂವರೆ ವರ್ಷಕ್ಕೇ ಬೇರೆ ಸೀಟು ತೆಗೆದುಕೊಂಡು ಮಾಮೂಲಿ ಸಾಲಿನಲ್ಲಿ ಕೂರುವುದೇ ವಾಸಿ ಅಂತ ನನ್ನ ಲೆಕ್ಕ. ಮೂರು ಸೀಟು, ನಡುವಿನ ಕೈಯಾಸರೆ ಮೇಲಕ್ಕೆತ್ತಿ, ಹಳೇ ಹತ್ತಿ ಸೀರೆ ಹಾಸಿದರೆ ಮಗು ಕಾಲು ಚಾಚಿ ಮಲಗುತ್ತದೆ. ಸೀರೆಯಲ್ಲಿ ಜೋಲಿ ಕಟ್ಟೋಣವಾ ಅಂತ ಒಬ್ಬ ಅಜ್ಜಿ ಕೇಳಿದರು. ಬಿಡುವುದಿಲ್ಲ ಅಜ್ಜಿ!

ವಿಮಾನದೊಳಗಿನ ಗಾಳಿ ತುಂಬ ಒಣ. ತೇವಾಂಶ ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ. ಮಲೆನಾಡಿನ ತೇವಕ್ಕೆ ಒಗ್ಗಿದ ನಮಗೇ ಮೂಗು ಉರಿಯುತ್ತದೆ. ಕೇಳುವ ತನಕ ಕಾಯದೆ ಮಗುವಿಗೆ ಆಗಾಗ ಎರಡೆರಡು ಗುಟುಕು ನೀರು ಕೊಡುತ್ತಿರಿ. ಕೈಚೀಲದಲ್ಲಿ 100 ಮಿಲಿಲೀಟರ್‌ಗಿಂತ ದೊಡ್ಡ ನೀರಿನ ಬಾಟಲಿ ಬಿಡುವುದಿಲ್ಲವಲ್ಲ, ಆ ನಿಯಮದಿಂದ ಮಗುವಿನ ಹಾಲು, ನೀರು, ಊಟಕ್ಕೆ ವಿನಾಯಿತಿ ಇದೆ. ದಾರಿಗೆ ಬೇಕಾದಷ್ಟು ಒಯ್ಯಬಹುದು, ತೆಗೆದು ತೋರಿಸಬೇಕು ಅಷ್ಟೇ. ಹಾಲಿನ ಪುಡಿಯನ್ನು ಮೊದಲೇ ಕಲಸಿ ಇಟ್ಟುಕೊಳ್ಳಬೇಡಿ, ಎರಡು ಗಂಟೆ ಕಳೆದರೆ ಅದು ಕುಡಿಸಲು ಯೋಗ್ಯ ಅಲ್ಲ. ವಿಮಾನದಲ್ಲಿ ಬಿಸಿನೀರು ಕೇಳಿದರೆ ಕೊಡುತ್ತಾರೆ, ಆದರೆ ಕುದಿಯುವ ನೀರು ಕೊಡುತ್ತಾರೆ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಆ ಲೋಟ ಮುಟ್ಟಲೇಬೇಡಿ. ಊಟಕ್ಕೆ ಹುರಿಟ್ಟು, ತೆಳು ಅವಲಕ್ಕಿ, ಮಂಡಕ್ಕಿ, ಯಾಲಕ್ಕಿ ಬಾಳೆ ಸಾಕು. ಮಂಡಕ್ಕಿಯ ಗುಣ ಏನೆಂದರೆ, ಒಂದೊಂದೇ ಕಾಳು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾ ಮಗುವಿಗೆ ಅರ್ಧ ಗಂಟೆ ಹೋಗುವುದೇ ಗೊತ್ತಾಗುವುದಿಲ್ಲ. ಕೆಳಗೆ ಚೆಲ್ಲಿದ್ದನ್ನು ನೀವೇ ಬಳಿದು ಹಾಕಿ. ಅಮೆರಿಕಕ್ಕೆ ವಾಪಸ್ ಹೋಗುವಾಗ ಉಳಿದ ಹಣ್ಣನ್ನು ಇಳಿಯುವ ಮುಂಚೆ ತಿಂದು ಮುಗಿಸಿ. ಅಜ್ಜಿ ಪ್ರೀತಿಯಿಂದ ಕಟ್ಟಿಕೊಟ್ಟ ಕರಿಬೇವನ್ನೂ ಅಲ್ಲಿ ಬಿಡುವುದಿಲ್ಲ. ಹುರಿದ ಕಾಫಿಪುಡಿಗೆ ತೊಂದರೆ ಇಲ್ಲ, ನಮ್ಮ ಪುಣ್ಯ.

ಮೊಬೈಲ್ ಕೊಡಬಾರದು ಅಂತ ನಾನು ಹೇಳುವುದಿಲ್ಲ. ಮನೆಯ ಶಿಸ್ತನ್ನೆಲ್ಲ ಆಕಾಶದಲ್ಲಿ ಪಾಲಿಸಲು ಹೋದರೆ ತಾಯಿಗೇ ಹುಚ್ಚು ಹಿಡಿಯುತ್ತದೆ. ಬಟ್ಟೆ ಮಗುವಿಗೆ ಮಾತ್ರ ಅಲ್ಲ, ಎತ್ತಿಕೊಳ್ಳುವವರಿಗೂ ಒಂದು ಜೊತೆ ಕೈಚೀಲದಲ್ಲಿರಲಿ. ಮತ್ತೆ ಆ ಶೌಚಾಲಯದ ಫ್ಲಶ್! ಗಾಳಿಯಿಂದ ಎಳೆದುಕೊಳ್ಳುವ ಆ ಸದ್ದಿಗೆ ದೊಡ್ಡವರೇ ಬೆಚ್ಚುತ್ತಾರೆ. ಒಂದು ಸಲ ಹೆದರಿದ ಮಗು ಆಮೇಲೆ ಆ ಬಾಗಿಲಿನ ಹತ್ತಿರವೂ ಬರುವುದಿಲ್ಲ. ಮಗುವನ್ನು ಹೊರಗೆ ಅಪ್ಪನ ಕೈಗೆ ಕೊಟ್ಟು ಆಮೇಲೆ ಗುಂಡಿ ಒತ್ತಿ.

ಸುತ್ತ ಕೂತವರ ಮುಖ ನೋಡಿ ನಾಚಿಕೆ ಪಡುವುದನ್ನು ಬಿಡಿ. ಈಗ ಕೆಲವರು ಅಕ್ಕಪಕ್ಕದ ಪ್ರಯಾಣಿಕರಿಗೆ ಚಾಕೊಲೇಟು, ಕಿವಿಗೆ ಹತ್ತಿ, ಜೊತೆಗೆ ಕ್ಷಮೆ ಕೇಳುವ ಚೀಟಿ ಎಲ್ಲ ಹಂಚುತ್ತಾರಂತೆ. ನನಗೆ ಅದು ಅತಿ ಅನ್ನಿಸುತ್ತದೆ. ಮಗುವೂ ಟಿಕೆಟ್ ತೆಗೆದುಕೊಂಡೇ ಹತ್ತಿರುತ್ತದೆ. ಮುಂದಿನ ಸೀಟನ್ನು ಒದೆಯದಂತೆ ನೋಡಿಕೊಳ್ಳಿ, ಅದು ನಿಮ್ಮ ಜವಾಬ್ದಾರಿ. ಕಿವಿನೋವಿಗೆ ಅತ್ತರೆ ಅಳಲಿ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಭಾರತದ ಪಾಸ್‌ಪೋರ್ಟ್ ಚಿಕ್ಕ ಮಕ್ಕಳಿಗೆ ಐದು ವರ್ಷಕ್ಕೆ ಮಾತ್ರ. ದೊಡ್ಡವರದು ಹತ್ತು ವರ್ಷ ಇರುತ್ತದಲ್ಲ, ಹಾಗಾಗಿ ಮಕ್ಕಳದ್ದು ಮುಗಿದಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಅಲ್ಲೇ ಹುಟ್ಟಿ ಅಲ್ಲಿನ ಪಾಸ್‌ಪೋರ್ಟ್ ಇರುವ ಮಗುವಿಗೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡ್ ಅಥವಾ ವೀಸಾ ಬೇಕೇ ಬೇಕು. ಅಜ್ಜಿ ಮನೆಗೆ ಹೋಗುವುದಕ್ಕೂ ವೀಸಾನಾ ಅಂದರೆ, ಹೌದು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರೇ ಕರೆದುಕೊಂಡು ಬರುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಗಿರಲಿ.

ವಿಮಾನ ಇಳಿಯಿತು, ಮುಗಿಯಿತಾ? ಇಲ್ಲ. ಹಾಸನದ ಪಕ್ಕದ ನಮ್ಮ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆಗುತ್ತದೆ ಅಂತ ಎಷ್ಟೋ ವರ್ಷದಿಂದ ಕೇಳುತ್ತಾ ಬಂದಿದ್ದೇವೆ. ದೂರದೇಶದಿಂದ ಬರುವವರು ಇಳಿಯುವುದಂತೂ ದೇವನಹಳ್ಳಿಯಲ್ಲೇ. ಅಲ್ಲಿಂದ ಹಾಸನಕ್ಕೆ ಇನ್ನೂರು ಕಿಲೋಮೀಟರ್ ಮೇಲಿದೆ. ದೊಡ್ಡಬಳ್ಳಾಪುರ, ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ ದಾಟಬೇಕು. ಚಿಕ್ಕಮಗಳೂರಿನವರಿಗೆ ಇನ್ನೂ ಮುಂದೆ. ವಿದೇಶದ ಎಷ್ಟೋ ವಿಮಾನಗಳು ಬರುವುದು ನಡುರಾತ್ರಿ ಒಂದರಿಂದ ನಾಲ್ಕರ ಒಳಗೆ. ಡ್ರೈವರ್ ತೂಕಡಿಸುವ ಹೊತ್ತು ಅದು. ಆ ಹೊತ್ತಿಗೆ ಸೀದಾ ಊರಿಗೆ ಹೊರಡಿಸಬೇಡಿ. ಅಲ್ಲೇ ಹತ್ತಿರದಲ್ಲಿ, ಇಲ್ಲವೇ ಬೆಂಗಳೂರಿನ ನೆಂಟರ ಮನೆಯಲ್ಲಿ ಸ್ವಲ್ಪ ಮಲಗಿ, ಬೆಳಕು ಹರಿದ ಮೇಲೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ. ಕಾರಿನಲ್ಲಿ ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸಿಕೊಂಡು ಬರುವ ನಮ್ಮ ಅಭ್ಯಾಸ ಬಹಳ ಕೆಟ್ಟದ್ದು. 2019ರಲ್ಲಿ ಕಾನೂನು ತಿದ್ದಿದ ಮೇಲೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ, ಇಲ್ಲದಿದ್ದರೆ 1,000 ರೂಪಾಯಿ ದಂಡ. ದಂಡ ಆಮೇಲಿನ ಮಾತು, ಹೆದ್ದಾರಿಯಲ್ಲಿ ಬ್ರೇಕ್ ಹೊಡೆದರೆ ಎಷ್ಟು ಗಟ್ಟಿಯಾಗಿ ಅಪ್ಪಿಕೊಂಡಿದ್ದರೂ ಮಗು ಕೈಯಲ್ಲಿ ನಿಲ್ಲುವುದಿಲ್ಲ.

ಇನ್ನು ಮನೆಯಲ್ಲಿ ಕಾಯುತ್ತಿರುವ ಹಿರಿಯರಿಗೆ. ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾಕ್ಕೂ ನಮಗೂ ಹದಿಮೂರೂವರೆ ಗಂಟೆ ವ್ಯತ್ಯಾಸ. ನಮಗೆ ನಡುರಾತ್ರಿ ಎರಡೂವರೆ ಆದಾಗ ಅಲ್ಲಿ ಹಿಂದಿನ ಮಧ್ಯಾಹ್ನದ ಒಂದು ಗಂಟೆ. ಮಗುವಿನ ಮೈ ಅದೇ ಗಡಿಯಾರದಲ್ಲಿ ನಡೆಯುತ್ತಿರುತ್ತದೆ. ಎರಡೂವರೆಗೆ ಎದ್ದು ಊಟ ಕೇಳುತ್ತದೆ, ಆಟ ಆಡುತ್ತದೆ, ಹಗಲು ಹನ್ನೊಂದಕ್ಕೆ ತಟ್ಟೆಯ ಮುಂದೆಯೇ ತೂಕಡಿಸುತ್ತದೆ. ದಿನಕ್ಕೆ ಒಂದು ಗಂಟೆಯಷ್ಟು ಸರಿಹೋಗುತ್ತಾ ಬರುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಅಷ್ಟರಲ್ಲಿ ದೃಷ್ಟಿಯಾಗಿದೆ, ಗಾಳಿ ಸೋಕಿದೆ ಅಂತ ಗಾಬರಿ ಬೇಡ. ದೃಷ್ಟಿ ತೆಗೆಯುವುದಾದರೆ ತೆಗೆಯಿರಿ, ತೊಂದರೆ ಇಲ್ಲ. ಆದರೆ ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಓಡಾಡಲು ಬಿಡಿ, ಮೈಯ ಗಡಿಯಾರ ಸರಿ ಮಾಡುವುದು ಆ ಬೆಳಕೇ. ರಾತ್ರಿ ಎದ್ದಾಗ ದೀಪ, ಟಿವಿ ಹಾಕಬೇಡಿ. ಮಂದ ಬೆಳಕಿನಲ್ಲಿ ಒಂದು ಮುದ್ದೆ ಮೊಸರನ್ನ ಕೊಟ್ಟು ಮತ್ತೆ ಮಲಗಿಸಿ ನೋಡಿ. ಆ ಪಾಳಿಯನ್ನು ತಾತಂದಿರು ವಹಿಸಿಕೊಂಡರೆ ಒಳ್ಳೆಯದು, ಹೇಗೂ ಮೂರಕ್ಕೇ ಎಚ್ಚರವಾಗಿ ಹೊರಳಾಡುತ್ತಿರುತ್ತಾರೆ. ಮಗುವಿನ ಅಮ್ಮ ನಿದ್ದೆ ಮಾಡಲಿ.

ಮಲಗಿರುವ ಮಗುವನ್ನು ನೆಂಟರಿಗೆ ತೋರಿಸಲು ಎಬ್ಬಿಸಬೇಡಿ. ಹೊರನಾಡಿನಲ್ಲಿ ಅನ್ನಪ್ರಾಶನ, ಶೃಂಗೇರಿಯಲ್ಲಿ ಅಕ್ಷರಾಭ್ಯಾಸ, ಮನೆದೇವರಿಗೆ ಮುಡಿ ಅಂತ ಮಕ್ಕಳು ಬಂದ ಮೂರನೇ ದಿನಕ್ಕೇ ದಿನ ಗೊತ್ತು ಮಾಡಿರುತ್ತೀರಿ. ಅದನ್ನು ಎರಡನೇ ವಾರಕ್ಕೆ ತಳ್ಳಿ. ಹೊರನಾಡಿನ ದಾರಿಯಲ್ಲಿ ತಿರುವು ಜಾಸ್ತಿ, ಹೊರಡುವ ಮುಂಚೆ ಮಗುವಿಗೆ ಹೊಟ್ಟೆ ಬಿರಿಯೆ ತಿನ್ನಿಸಬೇಡಿ.

ನಮಸ್ಕಾರ.